ಅಜ್ಜನ ವಹಿಯಲ್ಲಿ ಇಬ್ಬರನ್ನೂ ಬರೆಯಿರಿ

ಕೋಥ್ರೂಡ್, ಪುಣೆ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅವ್ವನಿಗೂ ನಿಮ್ಮ ಮಗಳ ಶಿರಸಾಷ್ಟಾಂಗ ನಮಸ್ಕಾರಗಳು.

‘ನಾವೆಲ್ಲ ಇಲ್ಲಿ ಕ್ಷೇಮ’ ಎಂಬ ಸಾಲಿನಿಂದಲೇ ಕಾಗದ ಶುರುಮಾಡಬೇಕೆಂದು ಕಲಿಸಿದವರು ನೀವು. ಆ ಸಾಲು ಬರೆಯಲು ಕೈ ಬಾರದೆ ಇಷ್ಟು ದಿನ ಫೋನಿನಲ್ಲಿ ಎರಡು ಮಾತಾಡಿ ಮುಗಿಸಿಬಿಡುತ್ತಿದ್ದೆ. ನವರಾತ್ರಿ ಶುರುವಾದ ಮರುದಿನ, ಹುಟ್ಟಿದ 97ನೆಯ ದಿನಕ್ಕೆ, ಮಗಳನ್ನು ಮನೆಗೆ ಕರೆತಂದೆವು. ಈಗ 2 ಕಿಲೋ 150 ಗ್ರಾಂ ತೂಗುತ್ತಾಳೆ. ಇದನ್ನು ಬರೆಯುವಾಗ ನನ್ನ ಮಗ್ಗುಲಲ್ಲೇ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳೆಯೇ ಎಂದು ಪ್ರತಿ ಸಾಲಿಗೊಮ್ಮೆ ತಿರುಗಿ ನೋಡುತ್ತೇನೆ.

ಅಪ್ಪಾ, ನಿಮ್ಮ ಕಾಗದ ಮುಟ್ಟಿತು. ‘ಆದದ್ದನ್ನು ಮರೆತು ಇರುವ ಒಂದು ಕೂಸನ್ನು ಕಾಪಾಡಿಕೊಳ್ಳಿರಿ, ಅವನ ಋಣ ಅಷ್ಟೇ ಇತ್ತು’ ಎಂದು ಬರೆದಿದ್ದೀರಿ. ನನ್ನ ಸಂಕಟ ಕಡಿಮೆಯಾಗಲೆಂದೇ ಬರೆದಿರಿ, ಅದು ನನಗೆ ಗೊತ್ತು. ಆದರೆ ಅವಳಿಗಳಲ್ಲಿ ನನ್ನ ಮಗ ಬದುಕಿದ್ದ ಆ ಒಂಬತ್ತು ದಿನಗಳಲ್ಲಿ ಏನೇನು ನಡೆಯಿತೆಂದು ನಾನು ನಿಮಗೆ ಹೇಳಿಯೇ ಇಲ್ಲ.

ಅದಕ್ಕೂ ಮೊದಲು ಅವ್ವಾ, ನಿನಗೊಂದು ಮಾತು. ಕುಬಸಕ್ಕೆಂದು ನನ್ನನ್ನು ಧಾರವಾಡಕ್ಕೆ ಕರೆಸಿಕೊಂಡದ್ದರಿಂದಲೇ ಹೀಗಾಯಿತೆಂದು ನೀನು ಚಿಕ್ಕಮ್ಮನ ಮುಂದೆ ಕಣ್ಣೀರು ಹಾಕಿದೆಯಂತೆ. ಪ್ರಯಾಣದಿಂದ ಹೀಗಾಗಲಿಲ್ಲ. ಅವಳಿ ಗರ್ಭದಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು, ಎಷ್ಟೋ ಸಲ ವೈದ್ಯರಿಗೂ ಕಾರಣ ಸಿಗುವುದಿಲ್ಲ. ನೀನು ಉಡಿಸಿದ ಹಸಿರು ಸೀರೆಯನ್ನೇ ಆಸ್ಪತ್ರೆಯ ಆ ದಿನಗಳಲ್ಲಿ ರಾತ್ರಿ ಹೊದ್ದುಕೊಂಡು ಮಲಗುತ್ತಿದ್ದೆ.

ಪಂಢರಪುರಕ್ಕೆ ಹೊರಟ ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು ಪುಣೆಯಲ್ಲಿ ತಂಗಿದ್ದ ದಿನವೇ ನನಗೆ ನೋವು ಕಾಣಿಸಿಕೊಂಡಿತು. ರಸ್ತೆಗಳೆಲ್ಲ ಬಂದ್ ಆಗಿದ್ದವು. ತಾಳ ಹಿಡಿದ ವಾರಕರಿಗಳು ತಾವಾಗಿಯೇ ಪಕ್ಕಕ್ಕೆ ಸರಿದು ನಮ್ಮ ರಿಕ್ಷಾಕ್ಕೆ ದಾರಿ ಬಿಟ್ಟರು. ಆಸ್ಪತ್ರೆ ಸೇರಿದೊಡನೆ ಕೂಸುಗಳ ಪುಪ್ಪುಸ ಬೇಗ ಬಲಿಯಲೆಂದು ನನಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ನ್ಯೂಜಿಲೆಂಡಿನ ಇಬ್ಬರು ವೈದ್ಯರು 1972ರಲ್ಲಿ ಪ್ರಕಟಿಸಿದ ಉಪಾಯವಂತೆ ಅದು. ಮರುದಿನದ ನಸುಕಿನಲ್ಲಿ ಇಬ್ಬರೂ ಹುಟ್ಟಿದರು. 40 ವಾರ ಇರಬೇಕಾದವರು 26 ವಾರಕ್ಕೇ ಬಂದಿದ್ದರು.

ಅಷ್ಟು ಬೇಗ ಹುಟ್ಟಿದ ಕೂಸಿನ ಪುಪ್ಪುಸದೊಳಗೆ ಅದನ್ನು ಬಿಚ್ಚಿ ಹಿಡಿಯುವ ಜಿಡ್ಡಿನಂಥ ದ್ರವ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಬದಿಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಪ್ರತಿ ಉಸಿರಿಗೂ ಅದು ಮುಚ್ಚಿಕೊಳ್ಳುತ್ತದೆ. ಸರ್ಫ್ಯಾಕ್ಟಂಟ್ ಎಂಬ ಆ ದ್ರವವನ್ನೇ ಔಷಧವಾಗಿ ಕೊಳವೆಯಿಂದ ಇಬ್ಬರಿಗೂ ಹಾಕಿದರು. ಮೂರನೆಯ ದಿನ ನಾನು ಎನ್‌ಐಸಿಯು, ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕದ ಒಳಗೆ ಹೋಗಿ, ಮೊಣಕೈವರೆಗೆ ಕೈ ತೊಳೆದು, ಗಾಜಿನ ಪೆಟ್ಟಿಗೆಯ ಕಿಂಡಿಯಲ್ಲಿ ಕೈಯಿಟ್ಟು ಮಗನ ಬೆನ್ನು ಸವರಲು ಹೋದೆ. ಸಿಸ್ಟರ್ ಮೆಲ್ಲನೆ ನನ್ನ ಕೈ ತಡೆದರು. ಅವನ ಚರ್ಮ ನೀರುಳ್ಳಿಯ ಒಳಪೊರೆಯಷ್ಟು ತೆಳ್ಳಗಿತ್ತು, ಒಳಗಿನ ನರಗಳು ಕಾಣುತ್ತಿದ್ದವು. ಸವರುವುದನ್ನು ಆ ಚರ್ಮ ತಾಳುವುದಿಲ್ಲ. ಒಂದು ಅಂಗೈಯನ್ನು ತಲೆಯ ಮೇಲೆ, ಇನ್ನೊಂದನ್ನು ಮಡಿಚಿದ ಕಾಲುಗಳ ಮೇಲೆ ಇಟ್ಟು ಅಲುಗಾಡದೆ ನಿಲ್ಲಬೇಕೆಂದು ಅವರು ತೋರಿಸಿಕೊಟ್ಟರು. ಹಾಗೆ ನಿಂತೆ. ಸ್ವಲ್ಪ ಹೊತ್ತಿಗೆ ಅವನ ಎದೆಬಡಿತದ ಅಂಕಿ ಇಳಿದು ಸಮಸ್ಥಿತಿಗೆ ಬಂದಿತು, ಮುಷ್ಟಿ ಸಡಿಲಾಯಿತು. ಅಪ್ಪಾ, ಅವನಿಗೆ ನನ್ನ ಕೈ ಗುರುತಾಗಿತ್ತು.

ಅದೇ ದಿನ ಮಧ್ಯಾಹ್ನ ತಲೆಯ ಸ್ಕ್ಯಾನ್ ಮಾಡಿದರು. ಅವ್ವಾ, ನೀನು ಮೊಮ್ಮಕ್ಕಳ ನೆತ್ತಿಗೆ ಎಣ್ಣೆ ಒತ್ತುವ ಮೆತ್ತನೆಯ ಜಾಗವಿದೆಯಲ್ಲ, ಅಲ್ಲಿಯೇ ಯಂತ್ರವಿಟ್ಟು ಮಿದುಳನ್ನು ನೋಡುತ್ತಾರೆ. ಮಗಳದು ಸ್ವಚ್ಛವಾಗಿತ್ತು. ಮಗನ ಮಿದುಳಿನಲ್ಲಿ ಎರಡೂ ಬದಿಗೆ ರಕ್ತಸ್ರಾವವಾಗಿತ್ತು. ಇಷ್ಟು ಎಳೆಯ ಕೂಸುಗಳ ಮಿದುಳಿನ ರಕ್ತನಾಳಗಳು ಬಹಳ ಸೂಕ್ಷ್ಮ, ಮೊದಲ ಮೂರು ದಿನಗಳಲ್ಲಿಯೇ ಹೀಗಾಗುವುದು ಹೆಚ್ಚು ಎಂದು ವೈದ್ಯರು ನಮ್ಮನ್ನು ಕೂರಿಸಿ, ಅವಸರವಿಲ್ಲದೆ ತಿಳಿಸಿ ಹೇಳಿದರು. ಮುಂದಿನ ದಿನಗಳನ್ನು ವಿವರವಾಗಿ ಬರೆಯಲಾರೆ. ಏಳನೆಯ ದಿನ ಇವರು ಕಿಂಡಿಯೊಳಗೆ ಮುಖ ತಂದು ಅವನ ಕಿವಿಯಲ್ಲಿ ಹೆಸರು ಹೇಳಿದರು. ಒಂಬತ್ತನೆಯ ದಿನ ಸಂಜೆ, ಇನ್ನು ಮಾಡುವುದೇನೂ ಉಳಿದಿಲ್ಲವೆಂದಾದಾಗ, ಕೊಳವೆ ತೆಗೆದು ಅವನನ್ನು ನನ್ನ ಮಡಿಲಿಗೆ ಕೊಟ್ಟರು. ಅವನನ್ನು ಮಡಿಲಲ್ಲಿ ಹಿಡಿದದ್ದು ಅದೊಂದೇ ಸಲ. ನಲವತ್ತು ನಿಮಿಷ ಇದ್ದ.

ಮರುದಿನವೂ ಹಾಲು ಇಬ್ಬರಿಗಾಗುವಷ್ಟು ಬಂದಿತು. ಮಗಳಿಗೆ ಮೂಗಿನ ನಳಿಕೆಯಿಂದ ಎರಡು ತಾಸಿಗೆ ಒಂದು ಮಿಲಿಲೀಟರ್ ಮಾತ್ರ ಹೋಗುತ್ತಿತ್ತು, ಉಳಿದದ್ದನ್ನು ನೋಡಿದರೆ ಜೀವ ಹಿಂಡಿದಂತಾಗುತ್ತಿತ್ತು. ಆಗ ಸಿಸ್ಟರ್ ಒಬ್ಬರು ತಾಯಿಹಾಲಿನ ಬ್ಯಾಂಕಿನ ವಿಷಯ ಹೇಳಿದರು. ಏಷ್ಯಾದಲ್ಲಿಯೇ ಮೊದಲನೆಯದನ್ನು 1989ರಲ್ಲಿ ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಆರಂಭಿಸಿದರಂತೆ. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ತಣಿಸಿ, ತಾಯಿಯ ಹಾಲು ಸಿಗದ ಕೂಸುಗಳಿಗೆ ಕೊಡುತ್ತಾರೆ. ಅಂದಿನಿಂದ ಎರಡು ತಿಂಗಳು ಅವನ ಪಾಲಿನ ಹಾಲನ್ನು ನಾನು ಕೊಟ್ಟೆ. ಯಾರ ಮಕ್ಕಳು ಕುಡಿದರೋ ತಿಳಿಯದು. ಋಣದ ಮಾತು ಬರೆದಿರಲ್ಲ ಅಪ್ಪಾ, ಅದು ಒಂಬತ್ತು ದಿನಕ್ಕೆ ತೀರಿತೆಂದು ನನಗೆ ಅನ್ನಿಸುವುದಿಲ್ಲ.

ಮಗಳು ಉಸಿರಾಡುವುದನ್ನೇ ಮರೆತು ನಿಂತುಬಿಡುತ್ತಿದ್ದಳು, ಯಂತ್ರ ಕೂಗಿಕೊಳ್ಳುತ್ತಿತ್ತು, ಸಿಸ್ಟರ್ ಓಡಿಬಂದು ಅಂಗಾಲು ತಟ್ಟುತ್ತಿದ್ದರು. ಅದಕ್ಕೆ ಔಷಧವೆಂದು ಕೊಟ್ಟದ್ದು ನಮ್ಮ ಕಾಫಿಯಲ್ಲಿರುವ ಕೆಫೀನನ್ನೇ! ನಾಲ್ಕನೆಯ ವಾರದಿಂದ ದಿನವೂ ಅವಳನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಂಡು ಕೂರುತ್ತಿದ್ದೆವು, ಬೆಳಿಗ್ಗೆ ನಾನು, ರಾತ್ರಿ ಇವರು. ಕಣ್ಣಿನ ತಪಾಸಣೆ ಇನ್ನೂ ಮುಗಿದಿಲ್ಲ, ಜನರ ನಡುವೆ ಒಯ್ಯಬಾರದೆಂದೂ ಹೇಳಿದ್ದಾರೆ. ಆದ್ದರಿಂದ ತೊಟ್ಟಿಲ ಶಾಸ್ತ್ರಕ್ಕೆ ದೀಪಾವಳಿಗೆ ಬರಲಾಗದು, ಬೇಸರಿಸಬೇಡಿರಿ.

ನನ್ನದೊಂದೇ ಬೇಡಿಕೆ. ಮನೆಯವರ ಹುಟ್ಟಿನ ಗಳಿಗೆಗಳನ್ನು ಅಜ್ಜ ಬರೆದಿಟ್ಟ ಕೆಂಪು ವಹಿ ನಿಮ್ಮ ಟ್ರಂಕಿನಲ್ಲಿದೆಯಲ್ಲ, ಅದರಲ್ಲಿ ಹನ್ನೊಂದು ದಿನ ಮಾತ್ರ ಬದುಕಿದ ನಿಮ್ಮ ಅಕ್ಕನದೂ ಒಂದು ಸಾಲಿದೆ. ನಾನು ಚಿಕ್ಕವಳಿದ್ದಾಗ ಅದನ್ನು ಓದಿ ಇವರು ಯಾರೆಂದು ಕೇಳಿದ್ದೆ. ಅಜ್ಜ ಬರೆಯದೆ ಬಿಟ್ಟಿದ್ದರೆ ನನಗೊಬ್ಬ ಸೋದರತ್ತೆ ಇದ್ದಳೆಂದು ತಿಳಿಯುತ್ತಲೇ ಇರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ನನ್ನ ಮಗ ‘ಅವಳಿ 2’ ಎಂದಷ್ಟೇ ಇದ್ದಾನೆ. ಆ ವಹಿಯಲ್ಲಿ ಇಬ್ಬರನ್ನೂ ನಿಮ್ಮ ಕೈಯಿಂದಲೇ ಬರೆಯಿರಿ.

ಮಗಳು ಹುಟ್ಟಿದ್ದು ನಸುಕಿನ 3 ಗಂಟೆ 12 ನಿಮಿಷಕ್ಕೆ, 840 ಗ್ರಾಂ. ಮಗ 3 ಗಂಟೆ 14 ನಿಮಿಷಕ್ಕೆ, 760 ಗ್ರಾಂ. ಅವಳ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಿರಿ. ಅವನಿಗೆ ನಾವು ಅಜ್ಜನ ಹೆಸರನ್ನೇ ಇಟ್ಟಿದ್ದೇವೆ.

ಇತಿ ನಿಮ್ಮ ಪ್ರೀತಿಯ ಮಗಳು