ಕೆನ್ನೆ ಊದಿಸಿಕೊಂಡು ಕೂತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಬುದ್ಧಿ ಹಲ್ಲು ತೆಗೆಸಿ ಎರಡು ದಿನ ಕಳೆದರೂ ಊತ ಕಡಿಮೆಯಾಗುವ ಬದಲು ಜಾಸ್ತಿ ಆಗುತ್ತಿದೆ ಅಂತ ಬರೆದಿದ್ದೀಯ. ಫೋನ್ ಮಾಡಿದರೆ ನಿನಗೆ ಬಾಯಿ ಬಿಡೋಕೆ ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಮಾಧಾನದ ಮಾತು. ಈ ಊತ ಹಲ್ಲು ತೆಗೆದ ದಿನವೇ ಪೂರ್ತಿ ಬರುವುದಿಲ್ಲ. 2ನೇ, 3ನೇ ದಿನಕ್ಕೆ ಏರುತ್ತದೆ, ಆಮೇಲೆ ಇಳಿಯುತ್ತಾ ಒಂದು ವಾರದ ಹೊತ್ತಿಗೆ ಬಹುಮಟ್ಟಿಗೆ ಹೋಗುತ್ತದೆ. ನಿನ್ನದು ಕೆಳದವಡೆಯೊಳಗೆ ಅಡ್ಡ ಮಲಗಿದ್ದ ಹಲ್ಲು. ವಸಡು ಕೊಯ್ದು, ಸ್ವಲ್ಪ ಮೂಳೆ ಕೆತ್ತಿ, ಹಲ್ಲನ್ನು ತುಂಡು ಮಾಡಿ ತೆಗೆದಿದ್ದಾರೆ. ಇಷ್ಟೆಲ್ಲ ಆದ ಮೇಲೆ ಕೆನ್ನೆ ಊದದೇ ಇರುತ್ತಾ? ದವಡೆ ಬಿಗಿದು ಬಾಯಿ ಸರಿಯಾಗಿ ತೆರೆಯದಿರುವುದೂ ಇದರದೇ ಭಾಗ. ಕೆನ್ನೆಯ ಮೇಲೆ ನೀಲಿ, ಹಳದಿ ಕಲೆ ಕಂಡರೂ ಹೆದರಬೇಡ.

ಅಮ್ಮ ಬಿಸಿ ಶಾಖ ಕೊಡುತ್ತೇನೆ ಅನ್ನುತ್ತಿದ್ದಾರಂತೆ. ಮೊದಲ ಎರಡು ದಿನ ಐಸ್ ಇಟ್ಟಿದ್ದು ಸರಿ. ಇನ್ನು ಮೇಲೆ ಬೆಚ್ಚಗಿನ ಬಟ್ಟೆ ಇಡಬಹುದು, ದವಡೆಯ ಬಿಗಿತಕ್ಕೆ ಹಿತ. ಆದರೆ ಗಾಯದೊಳಗೆ ಲವಂಗದ ಎಣ್ಣೆ, ಅರಿಶಿನ ಏನನ್ನೂ ಹಾಕಲು ಬಿಡಬೇಡ. ಬೆಚ್ಚಗಿನ ಉಪ್ಪುನೀರು ಸಾಕು. ಅದನ್ನೂ ಜೋರಾಗಿ ಮುಕ್ಕಳಿಸಿ ಉಗಿಯಬೇಡ, ಬಾಯಲ್ಲಿ ಆಡಿಸಿ ಹಾಗೇ ಸುರಿದುಬಿಡು.

ಯಾಕೆ ಅಂದರೆ, ಹಲ್ಲು ಇದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ನಿಂತಿರಬೇಕು. ಅದೇ ಗಾಯದ ಮುಚ್ಚಳ. ಅದು ಕಿತ್ತುಹೋದರೆ ಕೆಳಗಿನ ಮೂಳೆ ಬಯಲಾಗುತ್ತದೆ. ಡಾಕ್ಟರು ಡ್ರೈ ಸಾಕೆಟ್ ಅನ್ನುವುದು ಇದನ್ನೇ. ನನಗೆ ಆಗಿದ್ದೂ ಅದೇ. ಊತ ಇಳಿಯುತ್ತಿತ್ತು, ನೋವೂ ಕಡಿಮೆಯಾಗಿತ್ತು. ಆಮೇಲೆ ಒಂದು ರಾತ್ರಿ ದವಡೆಯಿಂದ ಕಿವಿಯವರೆಗೆ ಸೆಳೆತ ಶುರುವಾಯಿತು. ಬಾಯಿ ವಾಸನೆ, ಕೆಟ್ಟ ರುಚಿ. ಮಾತ್ರೆಗೂ ಜಗ್ಗಲಿಲ್ಲ. ಬೆಳಿಗ್ಗೆ ಡಾಕ್ಟರು ಗುಳಿ ತೊಳೆದು ಔಷಧಿ ತುಂಬಿದರು, ಮಧ್ಯಾಹ್ನದ ಹೊತ್ತಿಗೆ ಜೀವ ಬಂದ ಹಾಗಾಯಿತು. "ನೀನೇನೋ ಗಟ್ಟಿ ತಿಂದಿರಬೇಕು" ಅಂತ ನೆಂಟರು ಅಂದಾಗ ತುಂಬ ನೊಂದಿದ್ದೆ. ಪಥ್ಯವನ್ನೆಲ್ಲ ಸರಿಯಾಗಿ ಮಾಡಿದವರಿಗೂ ಇದು ಬರಬಹುದು ಕಣೋ. ನಿನಗೂ ಬಂದರೆ ಯಾರ ಮಾತಿಗೂ ಕುಗ್ಗಬೇಡ, ಸೀದಾ ಡಾಕ್ಟರ ಹತ್ತಿರ ಹೋಗು. ಆದರೆ ಸಿಗರೇಟು ಸೇದುವವರಿಗೆ ಇದು ಹೆಚ್ಚು. ನಿನ್ನ ಕೈ ಹಿಡಿದು ಕೇಳುತ್ತೇನೆ, ಗಾಯ ಮಾಯುವವರೆಗಾದರೂ ಮುಟ್ಟಬೇಡ. ಸ್ಟ್ರಾ ಹಾಕಿ ಎಳನೀರು ಕುಡಿಯುವುದೂ ಬೇಡ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿ.

ಈಗ ಎಚ್ಚರದ ಮಾತು. ಊತ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಇಳಿಯುತ್ತಿದೆಯಾ, ಏರುತ್ತಿದೆಯಾ ನೋಡು. 4ನೇ ದಿನದ ನಂತರವೂ ಏರುತ್ತಿದ್ದರೆ, ಇಳಿದದ್ದು ಮತ್ತೆ ಊದಿದರೆ, ಜ್ವರ ಬಂದರೆ, ಕೀವು ಕಂಡರೆ ಅದು ಸೋಂಕಿನ ಲಕ್ಷಣ, ಅವತ್ತೇ ತೋರಿಸು. ಊತ ನಾಲಗೆಯ ಕೆಳಗೆ ಅಥವಾ ಗಂಟಲಿಗೆ ಇಳಿದು ಎಂಜಲು ನುಂಗಲಾಗದಿದ್ದರೆ, ಉಸಿರಾಟ ಕಷ್ಟವಾದರೆ, ನಡುರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅದು ಪ್ರಾಣಕ್ಕೇ ಬರಬಹುದು. ತುಟಿ, ಗದ್ದ ಇನ್ನೂ ಜೋಮು ಹಿಡಿದಂತಿದ್ದರೆ ಅದನ್ನೂ ಹೇಳು. ನರಕ್ಕೆ ಪೆಟ್ಟಾದರೆ ಹಾಗಾಗುತ್ತದೆ. ಬಹಳಷ್ಟು ಸಲ ವಾರಗಳಲ್ಲೋ ತಿಂಗಳುಗಳಲ್ಲೋ ತಾನೇ ಸರಿಹೋಗುತ್ತದೆ.

ನಿನಗೆ ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತಲ್ಲ, ಅದನ್ನು ಹಲ್ಲಿನ ಡಾಕ್ಟರಿಗೆ ಹೇಳಿದ್ದೀಯಾ? ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಹೊಟ್ಟೆಗೆ ತೊಂದರೆ ಕೊಡುತ್ತದೆ. ಹೇಳಿರದಿದ್ದರೆ ಇವತ್ತೇ ಫೋನ್ ಮಾಡಿಸು.

ಮೊಸರನ್ನ ಹಿಸುಕಿ ತಿನ್ನು, ಒಗ್ಗರಣೆ ಬೇಡ, ಸಾಸಿವೆ ಕಾಳು ಗುಳಿಯಲ್ಲಿ ಕೂರುತ್ತದೆ. ಆರಿದ ರಾಗಿ ಗಂಜಿಯೂ ಆಗುತ್ತದೆ. ಹೊಲಿಗೆ ತೋರಿಸಲು ಯಾವತ್ತು ಹೋಗಬೇಕು ತಿಳಿಸು, ಶನಿವಾರವಾದರೆ ನಾನೇ ಗಾಡಿ ತರುತ್ತೇನೆ.

ನಿನ್ನವನೇ,
ಗೆಳೆಯ