ಬೀರುವಿನ ಬೀಗ ತೆಗೆಯಿರಿ, ಒಡೆದರೆ ಒಡೆಯಲಿ

ಸಂಪಾದಕರಿಗೆ ನಮಸ್ಕಾರ.

ನಾನು ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು. ಮೇಷ್ಟ್ರಲ್ಲ. ಮಗಳು ಹತ್ತನೇ ಕ್ಲಾಸು, ಸರ್ಕಾರಿ ಹೈಸ್ಕೂಲು. ಕಳೆದ ತಿಂಗಳು ಅವಳ ವಿಜ್ಞಾನದ ಮೇಷ್ಟ್ರು ಅಂಗಡಿಗೆ ಬಂದು, 'ಶಾಲೆಯಲ್ಲಿ ಕರೆಂಟ್ ಅಳೆಯುವ ನಾಲ್ಕು ಅಮ್ಮೀಟರ್ ಇವೆ, ಯಾವುದು ನೆಟ್ಟಗಿದೆ ಯಾವುದು ಕೆಟ್ಟಿದೆ ಒಂದ್ಸಲ ನೋಡಿಕೊಡಿ' ಅಂದರು. ಶನಿವಾರ ಬೆಳಗ್ಗೆ ಹೋದೆ. ಮೀಟರ್ ನೋಡುವ ಮುಂಚೆ ಅರ್ಧ ಗಂಟೆ ಲ್ಯಾಬ್ ಸಾಮಾನಿನ ಬೀರುವಿನ ಕೀ ಹುಡುಕಿದೆವು. ಆಫೀಸಿನ ಡ್ರಾಯರಲ್ಲಿ ಇಲ್ಲ, ಬಿಸಿಯೂಟದ ಕೋಣೆಯಲ್ಲಿ ಇಲ್ಲ, ಕೊನೆಗೆ ಹಳೇ ಹಾಜರಿ ಪುಸ್ತಕದ ಕಟ್ಟಿನ ಹಿಂದೆ ಸಿಕ್ಕಿತು.

ಒಳಗೆ ನೋಡಿದರೆ ಒಂದು ಅಂಗಡಿಯೇ ಇದೆ. ಪ್ರಿಸಂಗಳು ಇನ್ನೂ ಪೇಪರಿನ ಸುರುಳಿಯಲ್ಲೇ ಇವೆ. ಮೈಕ್ರೋಸ್ಕೋಪ್ ಥರ್ಮಾಕೋಲಿನಿಂದ ಹೊರಗೇ ಬಂದಿಲ್ಲ, ಆದರೂ ಲೆನ್ಸಿಗೆ ಬೂಷ್ಟು ಹಿಡಿದಿದೆ. ಬಳಸಿ ಹಾಳಾದದ್ದು ಒಂದೂ ಇಲ್ಲ, ಎಲ್ಲ ಇಟ್ಟು ಹಾಳಾದದ್ದೇ. ನಾಲ್ಕು ಅಮ್ಮೀಟರಿನಲ್ಲಿ ಒಂದಕ್ಕೆ ಟರ್ಮಿನಲ್ ಪಾಚಿಗಟ್ಟಿದಂತೆ ಹಸಿರಾಗಿತ್ತು, ಇನ್ನೊಂದರ ಮುಳ್ಳು ಅಂಟಿಕೊಂಡಿತ್ತು, ಎರಡು ಚೆನ್ನಾಗಿದ್ದವು.

'ಯಾಕೆ ಸಾರ್, ಇಷ್ಟು ಸಾಮಾನು ಇಟ್ಟುಕೊಂಡು ಚಾಕ್‌ಪೀಸಲ್ಲಿ ಪಾಠ ಮಾಡ್ತೀರಿ?' ಅಂತ ಕೇಳಿಯೇಬಿಟ್ಟೆ. ಅವರು ಸೋಮಾರಿ ಅಲ್ಲ, ಸೋಮಾರಿಯಾಗಿದ್ದರೆ ನನ್ನ ಅಂಗಡಿವರೆಗೆ ಯಾಕೆ ಬರುತ್ತಿದ್ದರು? ಸ್ಟಾಕ್ ಬುಕ್ ತೋರಿಸಿದರು. ಒಂದೊಂದು ಬೀಕರಿಗೂ ಲೆಕ್ಕ. ಒಡೆದರೆ ಯಾರು ಒಡೆದದ್ದು, ಹೇಗೆ ಒಡೆಯಿತು ಎಂಬ ಪ್ರಶ್ನೆ. ವರ್ಗವಾಗಿ ಹೋಗುವಾಗ ಚಾರ್ಜ್ ಕೊಡಬೇಕು, ಆಗ ಒಂದು ಕಮ್ಮಿ ಬಂದರೂ ಕೈಯಿಂದ ಕಟ್ಟಬೇಕಾದೀತು ಅನ್ನುವ ಭಯ. ಬೀಗ ಹಾಕಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಬೀಗ.

ನಾನು ಬರೆಯಬೇಕು ಅಂದುಕೊಂಡದ್ದು ಇದನ್ನೇ. ಗಾಜಿನ ಸಾಮಾನು ಮಕ್ಕಳ ಕೈಗೆ ಹೋದ ಮೇಲೆ ಒಡೆಯುತ್ತದೆ. ಒಡೆಯಲಿ ಬಿಡಿ. ವರ್ಷಕ್ಕೆ ಇಷ್ಟು ಒಡೆಯುವುದು ಸಹಜ ಅಂತ ಇಲಾಖೆಯೇ ಒಂದು ಲೆಕ್ಕ ಹಾಕಿ, ಅಷ್ಟರವರೆಗೆ ಯಾರನ್ನೂ ಕೇಳದೆ ಸ್ಟಾಕ್ ಬುಕ್ಕಿನಿಂದ ಹೊಡೆದುಹಾಕುವ ಅಧಿಕಾರ ಶಾಲೆಗೇ ಕೊಡಲಿ. ಸೆಲ್ಲು, ತಂತಿ, ಲಿಟ್ಮಸ್ ಪೇಪರ್, ಸ್ಪಿರಿಟ್ ತರುವುದಕ್ಕೆ ಮೇಷ್ಟ್ರು ಜೇಬಿಗೆ ಕೈ ಹಾಕುವಂತೆ ಆಗಬಾರದು.

ಆವತ್ತು ಏನಾಯಿತು ಅಂತ ಹೇಳುತ್ತೇನೆ ಕೇಳಿ. ಹೇಗೂ ಬಂದಿದ್ದೀರಲ್ಲ ಅಂತ ಮೇಷ್ಟ್ರು ಮಕ್ಕಳನ್ನೂ ಕರೆದರು. ಓಮ್‌ನ ನಿಯಮ. ವೋಲ್ಟೇಜ್ ಎಷ್ಟು ಪಟ್ಟು ಏರಿಸಿದರೆ ಕರೆಂಟೂ ಅಷ್ಟೇ ಪಟ್ಟು ಏರುತ್ತದೆ ಅನ್ನುವುದು ಅದರ ಸಾರ. ಅದಕ್ಕೆ ಬೇಕಾದ ನೈಕ್ರೋಮ್ ತಂತಿ ಸಿಗಲಿಲ್ಲ, ನನ್ನ ಬ್ಯಾಗಿನಲ್ಲಿದ್ದ 6 ವೋಲ್ಟಿನ ಬಲ್ಬ್ ಹಾಕಿದೆವು. ಮೊದಲ ಗುಂಪು ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿತು. 'ಅಂಕಲ್, ಮುಳ್ಳು ಹಿಂದಕ್ಕೆ ಹೋಯ್ತಾ ಅದೆ' ಅಂತ ಒಬ್ಬ ಹುಡುಗ ಗಾಬರಿಯಾದ. ತಿರುಗಿಸಿ ಹಾಕು ಅಂದೆ, ಅಷ್ಟೇ. ಒಂದು ಸೆಲ್ಲಿಗೆ 0.24 ಆಂಪಿಯರ್ ತೋರಿಸಿತು. ಎರಡು ಸೆಲ್ಲಿಗೆ 0.48 ಬರಬೇಕಲ್ವಾ, ಬಂದದ್ದು 0.34. ಮೂರಕ್ಕೆ 0.42. ಗ್ರಾಫ್ ಹಾಕಿದರೆ ಪುಸ್ತಕದಲ್ಲಿ ಇರುವ ಹಾಗೆ ನೆಟ್ಟಗೆ ಬರಲಿಲ್ಲ, ಬಾಗಿತು.

ಕ್ಲಾಸೆಲ್ಲ ಸುಮ್ಮನಾಯಿತು. ನನ್ನ ಮಗಳು ಮೆಲ್ಲಗೆ, ಮೀಟರೇ ಕೆಟ್ಟಿರಬೇಕು ಅಂದಳು. ಆಗ ಮೇಷ್ಟ್ರು ನಿಯಮ ಹೇಳಿ ಅಂದರು. ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸಿದರು: 'ತಾಪವು ಸ್ಥಿರವಾಗಿದ್ದಾಗ...' ಅಲ್ಲೇ ನಿಲ್ಲಿಸಿ ಅಂದರು ಮೇಷ್ಟ್ರು. ಬಲ್ಬಿನ ಒಳಗಿನ ತಂತಿ ಉರಿಯುತ್ತಿದೆ, ತಾಪ ಸ್ಥಿರವಾಗಿದೆಯಾ? ನಾನು ಬಲ್ಬ್ ಆರಿಸಿ, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಿಡಿದೆ, ರೋಧ (ಕರೆಂಟಿಗೆ ತಂತಿ ಒಡ್ಡುವ ತಡೆ) ಒಂದೂವರೆ ಓಮ್ ಆಸುಪಾಸು. ಮೂರು ಸೆಲ್ಲಿನಲ್ಲಿ ಉರಿಯುವಾಗ ಲೆಕ್ಕ ಹಾಕಿದರೆ ಹತ್ತೂವರೆ ದಾಟುತ್ತದೆ. ನಮ್ಮ ಮೋಟಾರಿನ ತಾಮ್ರದ ತಂತಿಯೂ ಅಷ್ಟೇ, 50 ಡಿಗ್ರಿ ಜಾಸ್ತಿ ಬಿಸಿಯಾದರೆ ರೋಧ ಸುಮಾರು ಶೇ 20ರಷ್ಟು ಏರುತ್ತದೆ, ಅದಕ್ಕೇ ಬಿಸಿ ಮೋಟಾರಿನ ಓಮ್ ನೋಡಿ ವೈಂಡಿಂಗ್ ಬಗ್ಗೆ ತೀರ್ಮಾನ ಮಾಡಬಾರದು ಅಂತ ಹೇಳಿದೆ. ವರ್ಷಗಟ್ಟಲೆ ಬಾಯಿಪಾಠ ಮಾಡಿಸುವ ಒಂದು ಮಾತು ಒಂದು ಹಳೇ ಬಲ್ಬಿನಿಂದ ಅರ್ಥವಾಯಿತು. ಅದೂ ಪ್ರಯೋಗ 'ತಪ್ಪು' ಬಂದದ್ದರಿಂದ.

ಸ್ಮಾರ್ಟ್ ಕ್ಲಾಸ್ ಇದೆಯಲ್ಲ ಅನ್ನುತ್ತಾರೆ. ವಿಡಿಯೋ ಬೇಡ ಅನ್ನುವವನಲ್ಲ ನಾನು. ಆದರೆ ವಿಡಿಯೋದಲ್ಲಿ ಮುಳ್ಳು ಯಾವತ್ತೂ ಹಿಂದಕ್ಕೆ ಹೋಗುವುದಿಲ್ಲ, ಗೆರೆ ಯಾವತ್ತೂ ಬಾಗುವುದಿಲ್ಲ. ಇನ್ನು ಕೆಲವರು ಮನೆಯ ಸಾಮಾನಲ್ಲೇ ವಿಜ್ಞಾನ ಕಲಿಸಿ ಅನ್ನುತ್ತಾರೆ. ಒಳ್ಳೆಯದೇ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿ ತಟ್ಟೆಯ ಓಕಳಿ ಕೆಂಪಗಾಗುವುದು ಪ್ರತ್ಯಾಮ್ಲದ ಪಾಠವೇ. ನಮ್ಮ ಕಡೆಯ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದೂ ಅದರ ಹುಳಿ ಮುರಿಯಲಿ ಅಂತಲೇ. ಮಕ್ಕಳನ್ನು ಅಲ್ಲಿಗೊಂದು ದಿನ ಲಿಟ್ಮಸ್ ಪೇಪರ್ ಕೊಟ್ಟು ಕರೆದುಕೊಂಡು ಹೋಗಬಹುದು. ಆದರೆ ಅರಿಶಿನದಲ್ಲಿ ಆಂಪಿಯರ್ ಅಳೆಯುವುದಕ್ಕೆ ಆಗುತ್ತಾ? ಬಡ ಮಕ್ಕಳಿಗೆ ಮನೆಯ ಸಾಮಾನು, ಉಳಿದವರಿಗೆ ಲ್ಯಾಬು ಅಂತ ಆಗಬಾರದು. ಹಾಗಂತ ಲೇಬಲ್ ಉದುರಿದ ಆಸಿಡ್ ಬಾಟಲಿಯನ್ನು ಮಕ್ಕಳ ಕೈಗೆ ಕೊಡಿ ಅಂತಲೂ ಅಲ್ಲ, ಅದು ಮೊದಲು ಬೀರುವಿನಿಂದ ಹೊರಗೆ ಹೋಗಲಿ.

ಅಂಕದ ಮಾತೂ ಇದೆ. ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಬರೆಯುವ ಪರೀಕ್ಷೆಗೆ, 20 ಆಂತರಿಕ. ಲ್ಯಾಬ್ ಪರೀಕ್ಷೆ ಅಂತ ಬೇರೆ ಇಲ್ಲ. ಅದೇ ಮಗು ಪಿಯುಸಿಗೆ ಹೋದರೆ ಭೌತಶಾಸ್ತ್ರದಲ್ಲಿ 30 ಅಂಕ ಪ್ರಾಕ್ಟಿಕಲ್‌ಗೆ. ಸಣ್ಣ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರನ್ನು ಮುಟ್ಟಿಯೇ ನೋಡದೆ ಅಲ್ಲಿಗೆ ಹೋಗಿ ನಿಲ್ಲುತ್ತಾರೆ ನಮ್ಮ ಮಕ್ಕಳು. ಆ 20ರಲ್ಲಿ ಒಂದಿಷ್ಟನ್ನು ಕೈಯಾರೆ ಮಾಡಿದ್ದಕ್ಕೆ ಅಂತಲೇ ತೆಗೆದಿಡಿ, ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಲ್ಯಾಬಿಗೆ ಕೊಡಿ. ಈಗ ನಮ್ಮ ಜಿಲ್ಲೆಯಲ್ಲಿರುವ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಗಣಿಗೆ ಕರೆಂಟ್ ಹೋಗಿತ್ತು, ಇಲ್ಲಿನ ಮಕ್ಕಳು ಇವತ್ತಿಗೂ ಕರೆಂಟನ್ನು ಬೋರ್ಡಿನ ಮೇಲೆ ನೋಡುತ್ತಿದ್ದಾರೆ.

ಆವತ್ತು ನಮ್ಮ ನಷ್ಟ ಒಂದು ಬೀಕರ್, ಒಂದು ಬಲ್ಬು. ಬಲ್ಬ್ ನನ್ನದೇ, ಅದಕ್ಕೆ ಲೆಕ್ಕ ಇಲ್ಲ. ಬೀಕರಿಗೆ ಪಾಪ ಮೇಷ್ಟ್ರು ಏನು ಬರೆದರೋ ಗೊತ್ತಿಲ್ಲ. ಮಂಡ್ಯದ ಸುತ್ತಮುತ್ತ ನಮ್ಮಂಥ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಯಾವ ಶಾಲೆಯವರಾದರೂ ಕರೆಯಲಿ, ಮೀಟರ್ ರಿಪೇರಿಗೆ ದುಡ್ಡು ಕೇಳುವುದಿಲ್ಲ, ಭಾನುವಾರ ಬಂದು ನೋಡಿಕೊಡುತ್ತೇನೆ. ಕೀ ಮಾತ್ರ ಮುಂಚೆಯೇ ಹುಡುಕಿಟ್ಟಿರಿ.

— ಒಬ್ಬ ಪೋಷಕ, ಮಂಡ್ಯ