ಕ್ಯೂಬ್ ಒಡೆಯುವ ದಿನ ವಿದ್ಯಾರ್ಥಿ ಸೈಟಿನಲ್ಲಿರಲಿ

ಸಂಪಾದಕರಿಗೆ,

ಬೇಸಿಗೆ ರಜೆ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸಿವಿಲ್ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಪತ್ರ ಹಿಡಿದು ಸೈಟು ಹುಡುಕುತ್ತಾರೆ. ಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಎಂದಿರುತ್ತದೆ. ಲೆಕ್ಕ ತಪ್ಪುವುದೇ ಇಲ್ಲಿ. ಕಾಂಕ್ರೀಟ್ ಹಾಕುವಾಗ ಅದನ್ನೇ ಅಚ್ಚಿನಲ್ಲಿ ತುಂಬಿ ಮಾಡಿಟ್ಟ ಮಾದರಿ ಗಟ್ಟಿಗಳನ್ನು (ಕ್ಯೂಬ್) ಯಂತ್ರದಲ್ಲಿ ಒಡೆದು ಅದರ ಬಲ ಅಳೆಯುವುದು 28ನೇ ದಿನ. ಕೆಲಸಕ್ಕೆ ಸೇರಿದ ದಿನವೇ ಸ್ಲ್ಯಾಬ್ ಹಾಕಿದರಷ್ಟೇ ಆ ಹುಡುಗನಿಗೋ ಹುಡುಗಿಗೋ ಅದರ ಫಲಿತಾಂಶ ಕಾಣುವುದು. ಹಾಗೆ ಆಗುವುದು ಅಪರೂಪ. ಹಾಕಿದ್ದನ್ನು ನೋಡಿ, ಏನಾಯಿತೆಂದು ನೋಡದೆ ಮರಳಿದವರೇ ಹೆಚ್ಚು.

ಸಾವಿರ ಚದರ ಅಡಿಯ, 125 ಮಿ.ಮೀ. ದಪ್ಪದ ಒಂದು ಸ್ಲ್ಯಾಬ್ ತೆಗೆದುಕೊಳ್ಳಿ. ತೊಲೆ ಬಿಟ್ಟರೆ ಸುಮಾರು 11.6 ಘನ ಮೀಟರ್. ಎಂ25 (28ನೇ ದಿನ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬರಬೇಕಾದ ಕಾಂಕ್ರೀಟ್) ವಿನ್ಯಾಸದಲ್ಲಿ ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್ ಎಂದಿದ್ದರೆ 50 ಕೆ.ಜಿ.ಯ 7 ಚೀಲದ ಲೆಕ್ಕದಲ್ಲಿ ಒಟ್ಟು 81 ಚೀಲ. ಸ್ಟೋರ್ ಪುಸ್ತಕದಲ್ಲಿ 92 ಎಂದು ಬರೆದಿದ್ದರೆ ಉಳಿದ 11 ಎಲ್ಲಿ ಹೋದವು? ಸ್ಲ್ಯಾಬ್ ದಪ್ಪವಾಯಿತೋ, ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿತೋ, ಚೀಲಗಳು ಗಾರೆಗೆ ಹೋದವೋ? ಇದನ್ನು ಹುಡುಕಿ ತೆಗೆಯುವುದೇ ನಿರ್ಮಾಣ ನಿರ್ವಹಣೆ. ಕಂಪ್ಯೂಟರಿನಲ್ಲಿ ಕೆಲಸದ ವೇಳಾಪಟ್ಟಿಗೆ ಬಣ್ಣದ ಪಟ್ಟಿ ಎಳೆಯುವುದು ಆಮೇಲಿನ ಮಾತು.

ಕಬ್ಬಿಣಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಮಿ.ಮೀ. ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 10 ಮಿ.ಮೀ. ಸರಳು ಮೀಟರಿಗೆ 617 ಗ್ರಾಂ ಇರಬೇಕು. ಸರಳಿನ ಭಾರತೀಯ ಮಾನದಂಡವಾದ ಐಎಸ್ 1786 ಒಟ್ಟು ಲಾಟಿಗೆ ಬಿಡುವ ಶೇ 7ರ ವ್ಯತ್ಯಾಸ ಕಳೆದರೂ ಸರಾಸರಿ 574 ಗ್ರಾಂಗಿಂತ ಕಡಿಮೆ ಬರುವಂತಿಲ್ಲ. ಸರಳು ಕಟ್ಟಿದ ಮೇಲೆ ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಮತ್ತು ಮೇಲಿನ ಸರಳನ್ನು ಹೊರುವ ಛೇರ್‌ಗಳನ್ನು ಎಣಿಸಬೇಕು. ಸಂಜೆ ಸರಿಯಾಗಿದ್ದ ಮೇಲಿನ ಸರಳು ಮರುದಿನ ಬಗ್ಗಿರುವುದಕ್ಕೆ ಕಾರಣ, ಅದರ ಮೇಲೆ ನಡೆದಾಡಿದ ಕಾಲುಗಳು. ಫೋಟೊ ತೆಗೆಯಲು ಹತ್ತಿದ ವಿದ್ಯಾರ್ಥಿಯ ಕಾಲೂ ಅದರಲ್ಲಿ ಸೇರಿರುತ್ತದೆ.

ಇನ್ನು ಕ್ಯೂಬ್. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ 6ರಿಂದ 15 ಘನ ಮೀಟರಿಗೆ ಎರಡು ಮಾದರಿ, ಮಾದರಿಗೆ ಮೂರು ಕ್ಯೂಬ್. ನಮ್ಮ ಸ್ಲ್ಯಾಬಿಗೆ 28ನೇ ದಿನಕ್ಕೆ ಆರು, 7ನೇ ದಿನಕ್ಕೆ ಇನ್ನೂ ಮೂರು. 150 ಮಿ.ಮೀ. ಅಚ್ಚನ್ನು ಮೂರು ಪದರದಲ್ಲಿ ತುಂಬಿ, 16 ಮಿ.ಮೀ. ಸರಳಿನಿಂದ ಪದರಕ್ಕೆ 35 ಬಾರಿ ಚುಚ್ಚಬೇಕು. 15ಕ್ಕೇ ಕೈಬಿಟ್ಟರೆ ಒಳಗೆ ಜೇನುಗೂಡಿನಂಥ ಟೊಳ್ಳು. ಆಗ ಕಾಂಕ್ರೀಟ್ ಚೆನ್ನಾಗಿದ್ದರೂ ಕ್ಯೂಬ್ ಸೋಲುತ್ತದೆ. ಮೂರರಲ್ಲಿ ಒಂದರ ಫಲಿತಾಂಶ ಸರಾಸರಿಗಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಹೋದರೆ ಆ ಮಾದರಿಯನ್ನೇ ಒಪ್ಪುವುದಿಲ್ಲ. ಒಡೆಯುವಾಗ ಭಾರ ಏರಿಸುವ ವೇಗ ಸೆಕೆಂಡಿಗೆ ಸುಮಾರು 5 ಕಿಲೋನ್ಯೂಟನ್. ಚದರ ಮಿ.ಮೀ.ಗೆ 25 ನ್ಯೂಟನ್ ಬಲಕ್ಕೆ ಯಂತ್ರದ ಮುಳ್ಳು 562 ಕಿಲೋನ್ಯೂಟನ್ ದಾಟಬೇಕು.

ನಮ್ಮ ಭಾಗದ ಬೇಸಿಗೆಯಲ್ಲಿ 7ನೇ ದಿನದ ಅಂಕಿಯನ್ನಷ್ಟೇ ನೋಡಿ ಹೋಗುವುದು ಅಪಾಯ. ಅಚ್ಚನ್ನು ಮೊದಲ 24 ಗಂಟೆ 27 ಡಿಗ್ರಿ ಆಸುಪಾಸಿನಲ್ಲಿ ಇಡಬೇಕೆಂಬುದು ನಿಯಮ. 42 ಡಿಗ್ರಿ ಬಿಸಿಲಲ್ಲಿ ಪ್ಯಾರಾಪೆಟ್ ಮೇಲೆ ಕೂತ ಕ್ಯೂಬ್ ಬೇಗ ಬಲಿಯುತ್ತದೆ, ಆಮೇಲೆ ಹೆಚ್ಚು ಮುಂದೆ ಹೋಗುವುದಿಲ್ಲ. ಇದರ ಉಲ್ಟಾ ಕಥೆಯೂ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆತ ಸಿಮೆಂಟ್, ಶಕ್ತಿನಗರದಂಥ ಕಡೆಯ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆತ ಸಿಮೆಂಟ್ ನಿಧಾನವಾಗಿ ಬಲಿಯುತ್ತವೆ. 7ನೇ ದಿನ ಕಡಿಮೆ ಬಂತೆಂದು ಗಾಬರಿಯಾಗಬೇಕಿಲ್ಲ. ಬಿಸಿಲು, ನಿಧಾನದ ಸಿಮೆಂಟ್ ಎರಡೂ ಸೇರಿದಾಗ ಏನಾಯಿತೆಂದು ಹೇಳುವುದು 28ನೇ ದಿನವೇ. ಇಂಥ ಸಿಮೆಂಟಿಗೆ 14 ದಿನ ಕ್ಯೂರಿಂಗ್ (ನೀರುಣಿಸಿ ಒದ್ದೆಯಾಗಿಡುವುದು) ಬೇಕು. ‘ಏಳು ದಿನ ಸಾಕ್ರಿ’ ಎನ್ನುವ ಮೇಸ್ತ್ರಿಯ ಮಾತು ಹಳೆಯ ಸಾದಾ ಸಿಮೆಂಟಿನ ಕಾಲದ್ದು.

ಸ್ಲ್ಯಾಬ್ ಮಟ್ಟ ಮಾಡಿದ ಒಂದೆರಡು ಗಂಟೆಯಲ್ಲೇ ಮೇಲೆ ಕೂದಲೆಳೆಯ ಬಿರುಕು ಕಂಡರೆ ಅದು ಒಣಗಾಳಿ ನೀರು ಕುಡಿದ ಗುರುತು. ಅದರ ಮೇಲೆ ಸಿಮೆಂಟ್ ಹಾಲು ಸವರಿದರೆ ಬಿರುಕು ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಜಲ್ಲಿ ರಾಶಿಗೆ ಮೊದಲೇ ನೀರು ಚಿಮುಕಿಸಿ, ಹಲಗೆ ತೋಯಿಸಿ, ಸಂಜೆಯ ನಂತರ ಕಾಂಕ್ರೀಟ್ ಹಾಕಿ, ಮಟ್ಟವಾದ ಜಾಗಕ್ಕೆ ಕೂಡಲೇ ಒದ್ದೆ ಗೋಣಿತಾಟು ಹೊದಿಸಬೇಕು. ನೀರಿನ ಮಡಿ ಕಟ್ಟುವುದು ಕಾಂಕ್ರೀಟ್ ಗಟ್ಟಿಯಾದ ಮೇಲೆ. ಬಿಸಿಲಿಗೆ ಮಾಲು ಬಿಗಿಯಾಯಿತೆಂದು ಒಂದು ಚೀಲದ ಮಿಶ್ರಣಕ್ಕೆ ಐದು ಲೀಟರಿನ ಒಂದು ಬಕೆಟ್ ನೀರು ಹೆಚ್ಚು ಸುರಿದರೆ 25 ಲೀಟರ್ 30 ಆಗುತ್ತದೆ, 0.50 ಇದ್ದ ನೀರು-ಸಿಮೆಂಟ್ ಅನುಪಾತ 0.60, ಬಲ ಇಳಿಯುತ್ತದೆ. ಆ ಬಕೆಟ್ ಎತ್ತಿದ ಹೊತ್ತನ್ನು ವಿದ್ಯಾರ್ಥಿ ತನ್ನ ಡೈರಿಯಲ್ಲಿ ಬರೆದಿಟ್ಟರೆ, ಕ್ಯೂಬ್ ಸೋತ ದಿನ ಕಾರಣ ಹುಡುಕುತ್ತ ಕೂರಬೇಕಿಲ್ಲ.

ಆದ್ದರಿಂದ ಕಾಲೇಜುಗಳಿಗೆ ಕೋರಿಕೆ: ಇಂಟರ್ನ್‌ಶಿಪ್ ಆರು ವಾರ ಇರಲಿ. ಸೆಂಟ್ರಿಂಗ್, ಸರಳು, ಸುರಿಯುವುದು ಸೇರಿ ಹನ್ನೆರಡು ದಿನ, ಅದರ ಮೇಲೆ 28 ಸೇರಿಸಿದರೆ 40. ಅಷ್ಟು ಬಿಡುವಿಲ್ಲವೆಂದರೆ ಸೇರುವ ದಿನವನ್ನು ಕಾಲೇಜಿನ ಕ್ಯಾಲೆಂಡರ್ ನೋಡಿ ಗೊತ್ತುಮಾಡದೆ ಸೈಟಿನ ಕಾಂಕ್ರೀಟ್ ದಿನಕ್ಕೆ ಹೊಂದಿಸಿ, 28ನೇ ದಿನ ಪ್ರಯೋಗಾಲಯಕ್ಕೆ ಬರುವುದನ್ನು ಕಡ್ಡಾಯ ಮಾಡಲಿ. ಏಪ್ರಿಲ್, ಮೇನಲ್ಲಿ ನಮ್ಮ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ಹೊತ್ತಿಗೆ ಹೊಂದಿಕೊಳ್ಳುತ್ತವೆ. ಕಾಂಕ್ರೀಟ್ ಇರುವ ದಿನ ವಿದ್ಯಾರ್ಥಿಗಳೂ ಬೆಳಿಗ್ಗೆ 10ಕ್ಕೆ ಬರುವ ಬದಲು ಸಂಜೆ 4ಕ್ಕೆ ಬರಲಿ. ಬೇಸಿಗೆ ಬೆಳೆ ಮುಗಿದು ತುಂಗಭದ್ರಾ ಕಾಲುವೆಗಳಿಗೆ ನೀರು ಬಿಡುವುದು ನಿಂತ ಮೇಲೆ ನಡೆಯುವ ದುರಸ್ತಿಯೂ ಒಳ್ಳೆಯ ಪಾಠಶಾಲೆ. ಅದು ಬೆಂಗಳೂರಿನ ಸೈಟಿನಲ್ಲಿ ಸಿಗುವುದಿಲ್ಲ.

ಗುತ್ತಿಗೆದಾರರಿಗೂ ಒಂದು ಮಾತು. ಶೌಚಾಲಯವಿಲ್ಲವೆಂಬ ನೆಪದಲ್ಲಿ ಹುಡುಗಿಯರನ್ನು ಸೈಟಿನಿಂದ ದೂರವಿಟ್ಟು ಕಚೇರಿಯಲ್ಲಿ ಬಿಲ್ ಟೈಪ್ ಮಾಡಿಸಬೇಡಿ. ಕೂಲಿ ಹೆಣ್ಣುಮಕ್ಕಳಿಗೂ ಅದು ಬೇಕೇ ಬೇಕು. ಹೆಲ್ಮೆಟ್, ಶೂ ಕೊಡದೆ ಯಾರನ್ನೂ ಮೇಲೆ ಹತ್ತಿಸಬೇಡಿ. ಪ್ರಮಾಣಪತ್ರಕ್ಕೆ ಸಹಿಯನ್ನು, ವಿದ್ಯಾರ್ಥಿ ತಾನೇ ತುಂಬಿದ ಕ್ಯೂಬ್ ಒಡೆದು ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದ ಮೇಲೆ ಹಾಕಿ.

– ಕೆಲವು ಸೈಟ್ ಎಂಜಿನಿಯರುಗಳು, ಬಳ್ಳಾರಿ